‘ವಿಜಿಲ್’ ನೋಡಿದವರು ಕೇಳಿದ ಪ್ರಶ್ನೆಗಳು: ಸಾಗರದಾಳದ ಕತೆಯಲ್ಲಿ ಸತ್ಯವೆಷ್ಟು?

ಅಣ್ವಸ್ತ್ರ ಹೊತ್ತ ಬ್ರಿಟಿಷ್ ಜಲಾಂತರ್ಗಾಮಿಯೊಂದರಲ್ಲಿ ನಾವಿಕನೊಬ್ಬ ಸತ್ತಿದ್ದಾನೆ. ಮಾದಕ ವಸ್ತು ಸೇವಿಸಿ ಸತ್ತನೆಂದು ಮೇಲಧಿಕಾರಿಗಳ ಹೇಳಿಕೆ. ತನಿಖೆಗಾಗಿ ಹೆಲಿಕಾಪ್ಟರ್‌ನಿಂದ ಹಗ್ಗದ ಮೂಲಕ ಇಳಿದ ಮಹಿಳಾ ಪೊಲೀಸ್ ಅಧಿಕಾರಿಗೆ ಅದು ಕೊಲೆಯೆಂಬ ಅನುಮಾನ. ಶವ, ಸಾಕ್ಷಿ, ಶಂಕಿತ ಎಲ್ಲವೂ ಉಕ್ಕಿನ ಒಂದೇ ಗೂಡಿನೊಳಗೆ. ಕೊಲೆಗಾರನೂ ಅಲ್ಲೇ ಇದ್ದಾನೆ; ಹೊರಗೆ ಹೋಗಲು ಅವನಿಗೂ ದಾರಿಯಿಲ್ಲ, ಅಧಿಕಾರಿಗೂ ಇಲ್ಲ.

ಬಿಬಿಸಿ ಒನ್ ವಾಹಿನಿಯಲ್ಲಿ 2021ರ ಆಗಸ್ಟ್ 29ರಂದು ಆರಂಭವಾಗಿ ಸೆಪ್ಟೆಂಬರ್ 26ಕ್ಕೆ ಮುಗಿದ ಆರು ಕಂತುಗಳ ‘ವಿಜಿಲ್’ ಧಾರಾವಾಹಿಯ ಹೂರಣವಿದು. ಮೊದಲ ಕಂತನ್ನು ಒಂದು ವಾರದೊಳಗೆ ನೋಡಿದವರ ಸಂಖ್ಯೆ ಒಂದು ಕೋಟಿ ದಾಟಿತು. 2018ರ ‘ಬಾಡಿಗಾರ್ಡ್’ ನಂತರ ಬಿಬಿಸಿಯ ಹೊಸ ಧಾರಾವಾಹಿಯೊಂದಕ್ಕೆ ಇಷ್ಟು ದೊಡ್ಡ ಆರಂಭ ಸಿಕ್ಕಿರಲಿಲ್ಲ. 2022ರಲ್ಲಿ ಅತ್ಯುತ್ತಮ ನಾಟಕ ಸರಣಿಗಾಗಿ ಅಂತಾರಾಷ್ಟ್ರೀಯ ಎಮಿ ಪ್ರಶಸ್ತಿಯೂ ಬಂತು.

ಆದರೆ ಧಾರಾವಾಹಿ ಸುದ್ದಿಯಾದದ್ದು ಕೇವಲ ಅಂಕಿ ಸಂಖ್ಯೆಗಳಿಂದಲ್ಲ. ಪ್ರತಿ ಭಾನುವಾರ ರಾತ್ರಿ ಕಂತು ಮುಗಿಯುತ್ತಿದ್ದಂತೆಯೇ ವೀಕ್ಷಕರಲ್ಲಿ ವಾದ ಶುರುವಾಗುತ್ತಿತ್ತು. ಜಲಾಂತರ್ಗಾಮಿಯೊಳಗೆ ಇಷ್ಟೊಂದು ಜಾಗ ಇರುತ್ತದೆಯೇ? ಅಲ್ಲಿಗೆ ಪೊಲೀಸರು ಹೋಗಲು ಸಾಧ್ಯವೇ? ತಿಂಗಳುಗಟ್ಟಲೆ ನೀರೊಳಗಿರುವವರಿಗೆ ಮನೆಯಿಂದ ಸಂದೇಶ ಬರುವುದು ಹೇಗೆ? ಕತೆಯ ಮೊದಲಲ್ಲೇ ಮುಳುಗುವ ಮೀನುಗಾರಿಕಾ ದೋಣಿ ನಿಜಕ್ಕೂ ಹಾಗೆ ಮುಳುಗೀತೆ? ಈ ಪ್ರಶ್ನೆಗಳಲ್ಲಿ ಕೆಲವು ಹಗುರವಾದವು. ಕೊನೆಯದು ಮಾತ್ರ ಹಾಗಲ್ಲ.

ಹತ್ತೇ ನಿಮಿಷದಲ್ಲಿ ಹೋದ ನಾಯಕ

ಮೊದಲ ಅಚ್ಚರಿ ಪಾತ್ರವರ್ಗದ್ದು. ‘ವಿಜಿಲ್’ ನಿರ್ಮಿಸಿದ ವರ್ಲ್ಡ್ ಪ್ರೊಡಕ್ಷನ್ಸ್ ಸಂಸ್ಥೆಯೇ ‘ಲೈನ್ ಆಫ್ ಡ್ಯೂಟಿ’ಯನ್ನೂ ನಿರ್ಮಿಸಿತ್ತು. ಆ ಜನಪ್ರಿಯ ಪೊಲೀಸ್ ಧಾರಾವಾಹಿಯ ಆರನೆಯ ಸರಣಿ ಅದೇ ವರ್ಷ ಮೇ ತಿಂಗಳಲ್ಲಿ ಮುಗಿದಿತ್ತು. ಅದರ ನಾಯಕ ನಟರಲ್ಲೊಬ್ಬರಾದ ಮಾರ್ಟಿನ್ ಕಾಂಪ್ಸ್ಟನ್ ಇಲ್ಲಿಯೂ ಇದ್ದಾರೆಂದು ಪ್ರಚಾರ ಸಾಮಗ್ರಿ ಸಾರಿತ್ತು. ಅವರಿಗಾಗಿಯೇ ಟಿವಿ ಮುಂದೆ ಕುಳಿತವರು ಬೇಸ್ತು ಬಿದ್ದರು. ಕಾಂಪ್ಸ್ಟನ್ ಅಭಿನಯಿಸಿದ ಕ್ರೇಗ್ ಬರ್ಕ್ ಎಂಬ ನಾವಿಕ ಕತೆ ಕಣ್ಣು ಬಿಡುವ ಮೊದಲೇ ಹೆಣವಾಗುತ್ತಾನೆ. ನಂತರದ ಕಂತುಗಳಲ್ಲಿ ಆತ ಕಾಣಿಸಿಕೊಳ್ಳುವುದು ಹಳೆಯ ನೆನಪುಗಳಲ್ಲಿ ಮಾತ್ರ. ಹೆಸರಾಂತ ನಟನನ್ನು ಮೊದಲೇ ಕೊಲ್ಲುವುದು ಹಳೆಯ ತಂತ್ರವೇ. ಆದರೂ ಅದು ಫಲಿಸಿತು. ಇನ್ನು ಯಾರು ಬೇಕಾದರೂ ಸಾಯಬಹುದು ಎಂಬ ಆತಂಕವನ್ನು ಅದು ವೀಕ್ಷಕರಲ್ಲಿ ಬಿತ್ತಿತು.

ಸುರಾನ್ ಜೋನ್ಸ್ ನಿರ್ವಹಿಸಿದ ಏಮಿ ಸಿಲ್ವಾ ಪಾತ್ರದ ಬಗ್ಗೆ ಮಾತ್ರ ಅಪಸ್ವರ ಕೇಳಿಬಂತು. ಕಾರು ನೀರಿಗೆ ಬಿದ್ದ ಅಪಘಾತದಲ್ಲಿ ಸಂಗಾತಿಯನ್ನು ಕಳೆದುಕೊಂಡ ಈ ಅಧಿಕಾರಿ ಮಾನಸಿಕ ಆಘಾತಕ್ಕೆ ಮಾತ್ರೆ ನುಂಗುತ್ತಿರುವವರು. ಇಂತಹವರನ್ನೇ ಹುಡುಕಿ ಸಮುದ್ರದಡಿಗೆ ಕಳುಹಿಸುವ ಪೊಲೀಸ್ ಇಲಾಖೆ ಎಲ್ಲಿದೆ ಎಂಬುದು ಹಲವರ ಪ್ರಶ್ನೆಯಾಗಿತ್ತು. ಪ್ರಶ್ನೆ ನ್ಯಾಯವಾದದ್ದೇ. ಕೊನೆಯ ಕಂತಿನಲ್ಲಿ ಅದೇ ಅಧಿಕಾರಿಯನ್ನು ಟಾರ್ಪೆಡೊ ಕೊಳವೆಯೊಳಗೆ ಕೂಡಿಹಾಕಲು ಕತೆಗಾರ ಟಾಮ್ ಎಡ್ಜ್ ಅವರಿಗೆ ಈ ಹಿನ್ನೆಲೆ ಬೇಕಿತ್ತು ಎಂಬುದಕ್ಕಿಂತ ಬೇರೆ ಉತ್ತರ ಇದಕ್ಕಿಲ್ಲ.

‘ಇದೇನು, ಹೋಟೆಲ್ ಕೋಣೆಯೇ?’

ಅತಿ ಹೆಚ್ಚು ಗೇಲಿಗೆ ಗುರಿಯಾದದ್ದು ಧಾರಾವಾಹಿಯ ಸೆಟ್. ಅಗಲವಾದ ಓಣಿಗಳು, ನಿಂತು ಜಗಳವಾಡುವಷ್ಟು ದೊಡ್ಡ ಕೊಠಡಿಗಳು ಜಲಾಂತರ್ಗಾಮಿಯಲ್ಲಿ ಇರುವುದಿಲ್ಲ ಎಂದು ಅನೇಕರು ಆಕ್ಷೇಪಿಸಿದರು. ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದ ನಿವೃತ್ತರೂ ಈ ದೂರಿಗೆ ದನಿಗೂಡಿಸಿದರು.

ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ, ಅರ್ಧವಿಲ್ಲ. ಜಲಾಂತರ್ಗಾಮಿ ಎಂದೊಡನೆ ಬಹುತೇಕರ ಕಣ್ಣಿಗೆ ಕಟ್ಟುವುದು ವೋಲ್ಫ್‌ಗಾಂಗ್ ಪೀಟರ್ಸನ್ ನಿರ್ದೇಶನದ 1981ರ ಜರ್ಮನ್ ಚಿತ್ರ ‘ದಾಸ್ ಬೂಟ್’. ಎಂಬತ್ತರ ದಶಕದಲ್ಲಿ ಅದು ಕಂತುಗಳಾಗಿ ದೂರದರ್ಶನದಲ್ಲಿಯೂ ಪ್ರಸಾರವಾಗಿ ಜರ್ಮನಿ ಮತ್ತು ಬ್ರಿಟನ್ನಿನ ಮನೆಮನೆಗೆ ತಲುಪಿತು. ಅದರಲ್ಲಿರುವುದು ಎರಡನೆಯ ಮಹಾಯುದ್ಧ ಕಾಲದ, ಸುಮಾರು 67 ಮೀಟರ್ ಉದ್ದದ ಡೀಸೆಲ್ ನೌಕೆ. ಒಬ್ಬನ ಮೈ ತಗಲದೆ ಇನ್ನೊಬ್ಬ ದಾಟಲಾಗದಂತಹ ಇಕ್ಕಟ್ಟು. ನಮ್ಮಲ್ಲಿ 2017ರಲ್ಲಿ ತೆರೆಕಂಡ ‘ದಿ ಘಾಜಿ ಅಟ್ಯಾಕ್’ ಚಿತ್ರವೂ ಇಂತಹುದೇ ಇಕ್ಕಟ್ಟಿನ ಕತೆ ಹೇಳಿತ್ತು.

‘ವಿಜಿಲ್’ಗೆ ಮಾದರಿಯಾದ ಬ್ರಿಟನ್ನಿನ ವ್ಯಾನ್‌ಗಾರ್ಡ್ ವರ್ಗದ ನೌಕೆಗಳ ಲೆಕ್ಕವೇ ಬೇರೆ. ಅವುಗಳ ಉದ್ದ ಸುಮಾರು 150 ಮೀಟರ್. ನೀರೊಳಗಿದ್ದಾಗಿನ ತೂಕ 15 ಸಾವಿರ ಟನ್‌ಗಿಂತ ಅಧಿಕ. ಸಿಬ್ಬಂದಿ 130ಕ್ಕೂ ಹೆಚ್ಚು. ನಮ್ಮ ನೌಕಾಪಡೆಯ ಕಲ್ವರಿ ವರ್ಗದ ಡೀಸೆಲ್ ಜಲಾಂತರ್ಗಾಮಿಗಳು ಸುಮಾರು 67 ಮೀಟರ್ ಉದ್ದವಿದ್ದು ಹೆಚ್ಚುಕಡಿಮೆ ‘ದಾಸ್ ಬೂಟ್’ನ ಅಳತೆಗೇ ಬರುತ್ತವೆ ಎಂಬುದನ್ನು ಗಮನಿಸಿದರೆ ವ್ಯತ್ಯಾಸ ಅರ್ಥವಾದೀತು. ಆದರೆ ಆ 150 ಮೀಟರ್‌ನಲ್ಲಿ ಪರಮಾಣು ರಿಯಾಕ್ಟರ್, ಯಂತ್ರಕೋಠಿ, 16 ಕ್ಷಿಪಣಿ ಕೊಳವೆಗಳು ಇವೆ. ಮನುಷ್ಯರಿಗೆ ಉಳಿಯುವುದು ಇವುಗಳ ನಡುವಿನ ಸಂದಿಗೊಂದಿ. ಕಿರಿಯ ನಾವಿಕರ ಮಲಗುವ ಹಾಸುಗಳು ಕ್ಷಿಪಣಿ ಕೊಳವೆಗಳ ನಡುವೆಯೇ ಇವೆ. ನೌಕೆ ದೊಡ್ಡದು, ಬದುಕು ಇಕ್ಕಟ್ಟಿನದು. ಸೆಟ್ ಕಟ್ಟಿದವರು ಕ್ಯಾಮೆರಾ ಓಡಾಡಲಿ ಎಂದು ಓಣಿಗಳನ್ನು ಹಿಗ್ಗಿಸಿದಾಗ ಕಳೆದುಹೋದದ್ದು ಆ ಇಕ್ಕಟ್ಟು.

ಪೊಲೀಸರಿಗೆ ಅಲ್ಲೇನು ಕೆಲಸ?

ಸಾವು ಬ್ರಿಟನ್ನಿನ ಜಲಗಡಿಯೊಳಗೆ ಸಂಭವಿಸಿದ್ದರಿಂದ ಸ್ಕಾಟ್ಲೆಂಡ್ ಪೊಲೀಸರಿಗೆ ತನಿಖೆಯ ಅಧಿಕಾರ ಬಂತು ಎಂದು ಧಾರಾವಾಹಿ ವಿವರಿಸುತ್ತದೆ. ನೌಕಾಪಡೆಗೆ ತನ್ನದೇ ಪೊಲೀಸ್ ವ್ಯವಸ್ಥೆ ಇರುವಾಗ ಇದು ನಂಬಲರ್ಹವೇ ಎಂದು ಕೇಳಿದವರು ಬಹಳ.

ಜಲಾಂತರ್ಗಾಮಿಯಲ್ಲಿ ಕೊಲೆ ನಡೆದದ್ದೇ ಇಲ್ಲ ಎನ್ನುವಂತಿಲ್ಲ. 2011ರ ಏಪ್ರಿಲ್ 8ರಂದು ಸೌತಾಂಪ್ಟನ್ ಬಂದರಿನಲ್ಲಿ ತಂಗಿದ್ದ ಎಚ್‌ಎಂಎಸ್ ಅಸ್ಟ್ಯೂಟ್ ಎಂಬ ಪರಮಾಣು ಚಾಲಿತ ಜಲಾಂತರ್ಗಾಮಿಯಲ್ಲಿ ಕಾವಲಿಗಿದ್ದ ನಾವಿಕನೊಬ್ಬ ಗುಂಡು ಹಾರಿಸಿ ಅಧಿಕಾರಿಯೊಬ್ಬರನ್ನು ಕೊಂದ. ತನಿಖೆ ನಡೆಸಿದ್ದು ನಾಗರಿಕ ಪೊಲೀಸರು. ವಿಚಾರಣೆ ನಡೆದದ್ದು ವಿಂಚೆಸ್ಟರ್‌ನ ಸಾಮಾನ್ಯ ನ್ಯಾಯಾಲಯದಲ್ಲಿ. ಸಿಕ್ಕಿದ್ದು ಜೀವಾವಧಿ ಶಿಕ್ಷೆ. ಆದ್ದರಿಂದ ನೌಕಾಪಡೆಯ ಅಂಗಳಕ್ಕೆ ನಾಗರಿಕ ಪೊಲೀಸರು ಕಾಲಿಡುವುದು ಕಟ್ಟುಕತೆಯಲ್ಲ. ಆದರೆ ಆ ನೌಕೆ ಬಂದರಿನಲ್ಲಿತ್ತು. ಗಸ್ತಿನಲ್ಲಿರುವ ಅಣ್ವಸ್ತ್ರ ನೌಕೆಯ ಜಾಡು ಹೊರಗಿನವರಿಗೆ ತಿಳಿಯುವಂತೆ ಹೆಲಿಕಾಪ್ಟರ್ ಕಳುಹಿಸುವುದು ಬೇರೆಯೇ ಮಾತು. ಧಾರಾವಾಹಿಯ ಕ್ಯಾಪ್ಟನ್ ಸ್ವತಃ ಅದಕ್ಕಾಗಿ ಸಿಡಿಮಿಡಿಗೊಳ್ಳುತ್ತಾರೆ. ಈ ವಿಷಯದಲ್ಲಿ ಅವರು ಹೇಳುವುದೇ ಸರಿ.

ಈ ಗಸ್ತಿನ ಮಹತ್ವವನ್ನು ಅರಿಯದೆ ಧಾರಾವಾಹಿಯ ಬಿಗುವು ಅರ್ಥವಾಗದು. 1969ರಿಂದ ಇಂದಿನವರೆಗೆ ಬ್ರಿಟನ್ನಿನ ಕನಿಷ್ಠ ಒಂದು ಅಣ್ವಸ್ತ್ರ ಜಲಾಂತರ್ಗಾಮಿ ಹಗಲಿರುಳು ಸಮುದ್ರದಲ್ಲಿ ಅಡಗಿರುತ್ತದೆ. ಅದು ಎಲ್ಲಿದೆ ಎಂಬುದು ಒಳಗಿರುವ ಬಹುತೇಕರಿಗೂ ತಿಳಿದಿರುವುದಿಲ್ಲ. ಶತ್ರು ದಾಳಿಯಲ್ಲಿ ದೇಶದ ನಾಯಕತ್ವವೇ ಅಳಿದರೆ ಏನು ಮಾಡಬೇಕೆಂದು ಪ್ರತಿಯೊಬ್ಬ ಪ್ರಧಾನಿ ಅಧಿಕಾರಕ್ಕೆ ಬಂದೊಡನೆ ಸ್ವಹಸ್ತದಿಂದ ಬರೆದ ಪತ್ರ ಪ್ರತಿ ನೌಕೆಯ ಪೆಟ್ಟಿಗೆಯಲ್ಲಿರುತ್ತದೆ. ಆ ಪ್ರಧಾನಿ ಅಧಿಕಾರದಿಂದ ಇಳಿದಾಗ ಅದನ್ನು ಓದದೆಯೇ ನಾಶಪಡಿಸಲಾಗುತ್ತದೆ. ಇಂತಹ ನೌಕೆಯನ್ನು ಕೊಲೆ ತನಿಖೆಗಾಗಿ ಬಂದರಿಗೆ ಮರಳಿಸಿದರೆ ದಶಕಗಳ ಸರಪಳಿ ತುಂಡಾಗುತ್ತದೆ.

ಕೇಳಬಹುದು, ಉತ್ತರಿಸಲಾಗದು

ಸಂದೇಶ ರವಾನೆಯ ಬಗ್ಗೆ ವೀಕ್ಷಕರಿಗಿದ್ದ ಗೊಂದಲ ಸಹಜವಾದದ್ದು. ಸಾಮಾನ್ಯ ರೇಡಿಯೊ ತರಂಗಗಳು ಉಪ್ಪುನೀರಿನಲ್ಲಿ ಸಾಗುವುದಿಲ್ಲ. ಅತಿ ಕಡಿಮೆ ಕಂಪನಾಂಕದ ತರಂಗಗಳು ಮಾತ್ರ ಮೇಲ್ಮೈಯಿಂದ ಸುಮಾರು 20 ಮೀಟರ್ ಆಳದವರೆಗೆ ಇಳಿಯಬಲ್ಲವು. ಜಲಾಂತರ್ಗಾಮಿ ತನ್ನ ಹಿಂದೆ ಉದ್ದನೆಯ ತಂತಿಯನ್ನು ಎಳೆಯುತ್ತಾ ಅವುಗಳನ್ನು ಗ್ರಹಿಸುತ್ತದೆ. ಇದಕ್ಕೆ ಭೂಮಿಯ ಮೇಲೆ ಭಾರಿ ಗೋಪುರಗಳು ಬೇಕು. ಬ್ರಿಟನ್ನಿನಲ್ಲಿ ಅಂತಹ ಕೇಂದ್ರವಿರುವುದು ಆಂಥಾರ್ನ್‌ನಲ್ಲಿ. ಭಾರತದಲ್ಲಿ ತಮಿಳುನಾಡಿನ ತಿರುನಲ್ವೇಲಿ ಸಮೀಪದ ಐಎನ್‌ಎಸ್ ಕಟ್ಟಬೊಮ್ಮನ್ ಈ ಕೆಲಸ ಮಾಡುತ್ತದೆ.

ಹೀಗೆ ಬರುವ ಸಂದೇಶದ ವೇಗ ತೀರಾ ಕಡಿಮೆ. ಧ್ವನಿ, ಚಿತ್ರಗಳ ಮಾತೇ ಇಲ್ಲ. ಗಸ್ತಿನಲ್ಲಿರುವ ನೌಕೆ ಮರುಪ್ರಸಾರ ಮಾಡುವುದಿಲ್ಲ. ಮಾಡಿದರೆ ತಾನಿರುವ ಜಾಗವನ್ನು ತಾನೇ ಸಾರಿದಂತೆ. ಮನೆಯವರು ಕಳುಹಿಸುವ ‘ಫ್ಯಾಮಿಲಿಗ್ರಾಂ’ ಎಂಬ ವಾರದ ಸಂದೇಶಕ್ಕೆ ಹಿಂದೆ 40 ಪದಗಳ ಮಿತಿಯಿತ್ತು. ನಂತರ ಅದು 120ಕ್ಕೆ ಏರಿತು. ಅದನ್ನು ಅಧಿಕಾರಿಗಳು ಮೊದಲು ಓದುತ್ತಾರೆ. ಕೆಟ್ಟ ಸುದ್ದಿಗೆ ಅದರಲ್ಲಿ ಅವಕಾಶವಿಲ್ಲ. ತಂದೆ ತಾಯಿ ತೀರಿಕೊಂಡರೆ ಒಡನೆ ತಿಳಿಸಬೇಕೇ, ಮರಳಿದ ಮೇಲೆ ಸಾಕೇ ಎಂದು ನಾವಿಕರನ್ನು ಹೊರಡುವ ಮೊದಲೇ ಕೇಳಿಡಲಾಗುತ್ತದೆ.

ನೆಲದ ಮೇಲಿನ ಸಹೋದ್ಯೋಗಿ ಕರ್ಸ್ಟನ್ ಲಾಂಗೇಕರ್ (ರೋಸ್ ಲೆಸ್ಲಿ) ಈ ಪುಟ್ಟ ಸಂದೇಶಗಳಲ್ಲೇ ಗುಟ್ಟಾಗಿ ಸುಳಿವು ತೂರಿಸುವ ಸನ್ನಿವೇಶಗಳು ಧಾರಾವಾಹಿಯ ಒಳ್ಳೆಯ ಭಾಗ. ಮಾತಿಗೆ ಮರುಮಾತಿಲ್ಲದ ಆ ಒಂಟಿತನ ಯಾವ ಟಾರ್ಪೆಡೊ ಸ್ಫೋಟಕ್ಕಿಂತಲೂ ಹೆಚ್ಚು ನೈಜವಾಗಿದೆ. ಎಲ್ಲರೂ ಕೊನೆಯ ಕಂತಿನ ಓಟ, ಕೂಗಾಟಗಳ ಬಗ್ಗೆ ಮಾತನಾಡುವ ಭರದಲ್ಲಿ ಇದನ್ನು ಮರೆತದ್ದು ವಿಚಿತ್ರ.

ನೌಕೆಯೊಳಗಿನ ಅಶಿಸ್ತು ಅತಿಯಾಯಿತು ಎಂಬ ದೂರೂ ಇತ್ತು. ಮಾದಕ ವಸ್ತು, ಅಕ್ರಮ ಸಂಬಂಧ, ಮೇಲಧಿಕಾರಿಗಳ ನಡುವಿನ ಕಿತ್ತಾಟ ಅಣ್ವಸ್ತ್ರದ ಪಕ್ಕದಲ್ಲಿ ನಡೆಯಲು ಸಾಧ್ಯವೇ ಎಂದವರಿಗೆ 2017ರ ಘಟನೆ ಮರೆತಿರಬೇಕು. ಆ ವರ್ಷ ಎಚ್‌ಎಂಎಸ್ ವಿಜಿಲೆಂಟ್ ನೌಕೆಯ ಒಂಬತ್ತು ನಾವಿಕರು ಕೊಕೇನ್ ಸೇವಿಸಿದ್ದು ಪರೀಕ್ಷೆಯಲ್ಲಿ ಗೊತ್ತಾಗಿ ಸೇವೆಯಿಂದ ವಜಾಗೊಂಡಿದ್ದರು. ಸಹೋದ್ಯೋಗಿಯೊಂದಿಗಿನ ಸಂಬಂಧದ ಆರೋಪದಿಂದ ಅದೇ ನೌಕೆಯ ನಾಯಕನನ್ನು ಹುದ್ದೆಯಿಂದ ಕೆಳಗಿಳಿಸಲಾಗಿತ್ತು. ಎಲ್ಲವನ್ನೂ ಒಂದೇ ಗಸ್ತಿನೊಳಗೆ, ಆರೇ ಕಂತುಗಳಲ್ಲಿ ತುಂಬಿದ್ದು ಕತೆಗಾರರ ಅತಿರೇಕವಿರಬಹುದು. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಆಕಾಶದಿಂದ ಇಳಿದದ್ದಲ್ಲ.

ಬಲೆಗೆ ಬಿದ್ದದ್ದು ಮೀನಲ್ಲ

ಧಾರಾವಾಹಿ ತೆರೆದುಕೊಳ್ಳುವುದು ಸ್ಕಾಟ್ಲೆಂಡ್ ಕಡಲಿನಲ್ಲಿ ಮೀನು ಹಿಡಿಯುತ್ತಿರುವ ಟ್ರಾಲರ್ ಒಂದರಿಂದ. ಬಲೆಗೆ ಏನೋ ಸಿಲುಕುತ್ತದೆ. ಕ್ಷಣದಲ್ಲಿ ದೋಣಿ ಹಿಂಬದಿಯಿಂದ ನೀರಿನೊಳಕ್ಕೆ ಎಳೆಯಲ್ಪಡುತ್ತದೆ. ಸಮೀಪದಲ್ಲೇ ಇರುವ ‘ವಿಜಿಲ್’ ನೌಕೆಗೆ ಆ ಸದ್ದು ಕೇಳಿಸುತ್ತದೆ. ರಕ್ಷಣೆಗೆ ಹೋಗೋಣವೆಂದು ಬರ್ಕ್ ಪಟ್ಟು ಹಿಡಿಯುತ್ತಾನೆ. ಗಸ್ತಿನ ಗೋಪ್ಯತೆ ಮುಖ್ಯವೆಂದು ಮೇಲಧಿಕಾರಿಗಳು ನಿರಾಕರಿಸುತ್ತಾರೆ. ಮುಂದಿನ ಕತೆಯೆಲ್ಲ ಈ ನಿರಾಕರಣೆಯ ಸುತ್ತಲೇ ಹೆಣೆದುಕೊಂಡಿದೆ.

ಊರ ನಡುವಿನ ಮನೆಯಲ್ಲಿ ಕುಳಿತವರಿಗೆ ಇದು ಉತ್ಪ್ರೇಕ್ಷೆಯಾಗಿ ಕಂಡಿರಬಹುದು. ಕ್ಲೈಡ್ ಕೊಲ್ಲಿಯ ಮೀನುಗಾರ ಕುಟುಂಬಗಳಿಗೆ ಹಾಗಲ್ಲ. ಬ್ರಿಟನ್ನಿನ ಜಲಾಂತರ್ಗಾಮಿಗಳ ನೆಲೆಯಾದ ಫಾಸ್ಲೇನ್ ಇರುವುದು ಅದೇ ಕರಾವಳಿಯಲ್ಲಿ. 1990ರ ನವೆಂಬರ್ 22ರ ಮುಂಜಾನೆ ಆರನ್ ದ್ವೀಪದ ಬಳಿ ‘ಅಂಟಾರೆಸ್’ ಎಂಬ ದೋಣಿಯ ಬಲೆಗೆ ಎಚ್‌ಎಂಎಸ್ ಟ್ರೆಂಚೆಂಟ್ ಎಂಬ ಪರಮಾಣು ಚಾಲಿತ ಜಲಾಂತರ್ಗಾಮಿ ಸಿಲುಕಿತು. ಭಾವಿ ನೌಕಾನಾಯಕರಿಗೆ ತರಬೇತಿ ನಡೆಯುತ್ತಿದ್ದ ಸಮಯವದು. ದೋಣಿ ಮುಳುಗಿ ಅದರಲ್ಲಿದ್ದ ನಾಲ್ವರೂ ಸತ್ತರು. ಕೆಳಗಿದ್ದವರಿಗೆ ಮೇಲೆ ಜೀವಗಳು ಹೋದದ್ದು ಒಡನೆ ತಿಳಿಯಲಿಲ್ಲ.

ಇದು ಹೇಗೆ ಸಾಧ್ಯ? ಟ್ರಾಲ್ ಬಲೆಯನ್ನು ಎಳೆಯುವುದು ನೂರಾರು ಮೀಟರ್ ಉದ್ದದ ಉಕ್ಕಿನ ಹಗ್ಗಗಳು. ಸಾವಿರಾರು ಟನ್ ತೂಕದ ನೌಕೆ ಆ ಹಗ್ಗಕ್ಕೆ ಸಿಕ್ಕು ಮುಂದೆ ಸಾಗಿದರೆ ಪುಟ್ಟ ದೋಣಿಯ ಹಿಂಭಾಗ ಮೊದಲು ಮುಳುಗುತ್ತದೆ. ಹಗ್ಗ ಬಿಡಿಸಲು ಅಥವಾ ಕತ್ತರಿಸಲು ಸಿಗುವುದು ಕೆಲವೇ ಕ್ಷಣ. ಮೇಲಿನವರಿಗೆ ಕೆಳಗಿರುವುದೇನೆಂದು ಗೊತ್ತಾಗುವುದಿಲ್ಲ. ಕೆಳಗಿನವರಿಗೆ ದೋಣಿಯ ಯಂತ್ರದ ಸದ್ದು ಕೇಳಿದರೂ ಅದರ ಹಿಂದೆ ಬಲೆ ಎಷ್ಟು ದೂರ ಚಾಚಿದೆ ಎಂಬ ಅಂದಾಜು ಸುಲಭವಲ್ಲ.

‘ಅಂಟಾರೆಸ್’ ದುರಂತದ ನಂತರ ಜಲಾಂತರ್ಗಾಮಿಗಳ ಅಭ್ಯಾಸ ನಡೆಯುವ ಪ್ರದೇಶಗಳ ಬಗ್ಗೆ ಮೀನುಗಾರರಿಗೆ ರೇಡಿಯೊ ಮೂಲಕ ಮುನ್ಸೂಚನೆ ಕೊಡುವ ವ್ಯವಸ್ಥೆ ಬಿಗಿಯಾಯಿತು. ಆದರೂ 2015ರ ಏಪ್ರಿಲ್‌ನಲ್ಲಿ ಉತ್ತರ ಐರ್ಲೆಂಡ್‌ನ ‘ಕರೆನ್’ ಎಂಬ ದೋಣಿಯನ್ನು ಯಾವುದೋ ನೌಕೆ ಹಿಮ್ಮುಖವಾಗಿ ವೇಗವಾಗಿ ಎಳೆದೊಯ್ದಿತು. ಅದೃಷ್ಟವಶಾತ್ ಬಲೆಯ ಹಗ್ಗ ತುಂಡಾಗಿ ದೋಣಿ ಉಳಿಯಿತು. ರಷ್ಯಾದ ಜಲಾಂತರ್ಗಾಮಿ ಇರಬಹುದೆಂದು ಎಲ್ಲೆಡೆ ಸುದ್ದಿಯಾಯಿತು. ಅದು ತಮ್ಮದೇ ನೌಕೆಯೆಂದು ಬ್ರಿಟನ್ನಿನ ರಕ್ಷಣಾ ಇಲಾಖೆ ಒಪ್ಪಿಕೊಂಡದ್ದು ಸೆಪ್ಟೆಂಬರ್‌ನಲ್ಲಿ, ಅಂದರೆ ಐದು ತಿಂಗಳ ಮೇಲೆ!

ಎಲ್ಲ ದುರಂತಕ್ಕೂ ಜಲಾಂತರ್ಗಾಮಿಯೇ ಕಾರಣವೆನ್ನಲೂ ಬಾರದು. 2004ರಲ್ಲಿ ಇಂಗ್ಲೆಂಡ್‌ನ ದಕ್ಷಿಣ ಕರಾವಳಿಯಾಚೆ ಫ್ರಾನ್ಸ್‌ನ ‘ಬುಗಾಲೆದ್ ಬ್ರೈಜ್’ ಎಂಬ ಟ್ರಾಲರ್ ಮುಳುಗಿ ಐವರು ಸತ್ತಾಗ ಸಂಬಂಧಿಕರು ಜಲಾಂತರ್ಗಾಮಿಯೊಂದರ ಮೇಲೆ ಸಂಶಯಪಟ್ಟರು. ‘ವಿಜಿಲ್’ ಮುಗಿದು ಒಂದೂವರೆ ತಿಂಗಳೊಳಗೆ, 2021ರ ನವೆಂಬರ್‌ನಲ್ಲಿ, ಲಂಡನ್ನಿನಲ್ಲಿ ವಿಚಾರಣೆ ನಡೆಸಿದ ನ್ಯಾಯಾಧೀಶರು ಬಲೆ ಸಮುದ್ರದ ತಳಕ್ಕೆ ಸಿಲುಕಿ ದೋಣಿ ಮುಳುಗಿತೆಂದು ತೀರ್ಮಾನಿಸಿದರು. ಸಂಬಂಧಿಕರಿಗೆ ಸಮಾಧಾನವಾಗಲಿಲ್ಲ. ನೌಕಾಪಡೆಗಳು ತಮ್ಮ ನೌಕೆಗಳ ಚಲನವಲನವನ್ನು ಗುಟ್ಟಾಗಿಡುವ ತನಕ ಇಂತಹ ಸಂಶಯ ಹುಟ್ಟುವುದನ್ನು ಯಾವ ತೀರ್ಪೂ ತಡೆಯಲಾರದು.

ಕರ್ನಾಟಕದ ಕರಾವಳಿಗೂ ಈ ಅಳಲು ಹೊಸತಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ 7 ಮೀನುಗಾರರೊಂದಿಗೆ ಕಾಣೆಯಾದಾಗ ನೌಕಾಪಡೆಯ ಹಡಗೊಂದು ಡಿಕ್ಕಿ ಹೊಡೆದಿರಬಹುದೆಂಬ ಶಂಕೆಯನ್ನು ಮೀನುಗಾರರ ಮುಖಂಡರು ವ್ಯಕ್ತಪಡಿಸಿದ್ದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ ಬಳಿ ಸಮುದ್ರದ ತಳದಲ್ಲಿ ದೋಣಿಯ ಅವಶೇಷ ಪತ್ತೆಯಾಯಿತು. ಪತ್ತೆಹಚ್ಚಿದ್ದೂ ನೌಕಾಪಡೆಯೇ. ಏಳು ಮಂದಿಯ ಮನೆಗಳಲ್ಲಿ ಅಷ್ಟರವರೆಗೆ ತಿಂಗಳುಗಟ್ಟಲೆ ಕಾದದ್ದು ಒಂದೇ ಒಂದು ಖಚಿತ ಮಾತಿಗಾಗಿ.

ಅದಾದ ಐದು ವರ್ಷಗಳ ಮೇಲೆ, 2024ರ ನವೆಂಬರ್ 21ರ ರಾತ್ರಿ, ಗೋವಾ ಕರಾವಳಿಯಿಂದ ಸುಮಾರು 70 ನಾಟಿಕಲ್ ಮೈಲಿ ದೂರದಲ್ಲಿ ‘ಮಾರ್ತೋಮಾ’ ಎಂಬ ಮೀನುಗಾರಿಕಾ ದೋಣಿಗೂ ಭಾರತೀಯ ನೌಕಾಪಡೆಯ ಜಲಾಂತರ್ಗಾಮಿಗೂ ಡಿಕ್ಕಿಯಾಯಿತು. ಈ ಬಾರಿ ನೌಕಾಪಡೆ ಗುಟ್ಟು ಮಾಡಲಿಲ್ಲ. ಘಟನೆಯನ್ನು ಬೇಗನೆ ಬಹಿರಂಗಪಡಿಸಿ ಹಡಗು, ವಿಮಾನಗಳನ್ನು ಶೋಧಕ್ಕೆ ಇಳಿಸಿತು. ದೋಣಿಯಲ್ಲಿದ್ದ 13 ಮಂದಿಯಲ್ಲಿ 11 ಜನ ಬದುಕಿದರು. ಇಬ್ಬರ ಶವಗಳು ಕೆಲ ದಿನಗಳ ಬಳಿಕ ಸಿಕ್ಕಿದವು.

ಬ್ರಿಟನ್ನಿನ ವೀಕ್ಷಕರಲ್ಲಿ ಹೆಚ್ಚಿನವರು ‘ವಿಜಿಲ್’ನ ಕೊಲೆಗಾರ ಯಾರೆಂದು ಊಹಿಸುವುದರಲ್ಲೇ ಆರು ಕಂತು ಕಳೆದರು. ಟ್ರಾಲರ್ ಅವರಿಗೆ ಮೊದಲ ಕಂತಿನ ಮೊದಲ ದೃಶ್ಯ ಮಾತ್ರ. 2023ರ ಡಿಸೆಂಬರ್‌ನಲ್ಲಿ ಬಂದ ಎರಡನೆಯ ಸರಣಿ ಸಮುದ್ರವನ್ನೇ ಬಿಟ್ಟು ಡ್ರೋನ್‌ಗಳ ಕತೆ ಹಿಡಿಯಿತು. ‘ಅಂಟಾರೆಸ್’ ಹೊರಟಿದ್ದ ಕ್ಯಾರಡೇಲ್ ಎಂಬ ಪುಟ್ಟ ಬಂದರಿನಲ್ಲಿ ಆ ನಾಲ್ವರು ಮೀನುಗಾರರ ಸ್ಮಾರಕ ಇಂದಿಗೂ ಇದೆ.